ಮಾರುವವನ ಮೌನ

ಹಳೆಯ ವಸ್ತುವೊಂದನ್ನು ಮಾರುವವನು ಅದರ ದೋಷವನ್ನು ಕೊಳ್ಳುವವನಿಗೆ ತಾನಾಗಿ ಹೇಳಬೇಕೆ, ಅಥವಾ ಕೇಳಿದಾಗ ಸುಳ್ಳು ಹೇಳದಿದ್ದರೆ ಸಾಕೆ? ಪ್ರಶ್ನೆ ಹೊಸದಲ್ಲ. ಮನುಷ್ಯ ಮೊದಲ ಎತ್ತನ್ನು ಮಾರಿದ ದಿನವೇ ಇದು ಹುಟ್ಟಿರಬೇಕು. ನಮ್ಮ ಹಿರಿಯರು ದನದ ಜಾತ್ರೆಗೆ ಹೋದರೆ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಇಷ್ಟೆಲ್ಲ ನೋಡಿ ತಂದ ಎತ್ತು ಉಳುವ ಹೊತ್ತಿಗೆ ಗದ್ದೆಯ ನಡುವೆ ಮಲಗಿಬಿಡುವುದೂ ಇತ್ತು. ಆಗ ಮಾರಿದವನನ್ನು ಬೈಯುವವರು ಕೆಲವರು. ನೋಡಲು ಬಾರದ ನಿನ್ನ ಕಣ್ಣನ್ನೇ ಬೈದುಕೋ ಎನ್ನುವವರು ಹಲವರು. ಈಗ ಎತ್ತಿನ ಜಾಗಕ್ಕೆ ವ್ಯಾನು ಬಂದಿದೆ. ವ್ಯಾನಿಗೆ ಹಲ್ಲಿಲ್ಲ, ಸುಳಿಯಿಲ್ಲ. ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ.

ನಾನು ಕನ್ನಡ ಪಾಠ ಹೇಳುವವನು, ಯಂತ್ರವಿದ್ಯೆ ನನ್ನದಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಓಡಾಡಿಕೊಂಡಿರುವವನಿಗೆ ಹಳೆಯ ವ್ಯಾನುಗಳ ಪರಿಚಯ ತಪ್ಪಿದ್ದಲ್ಲ. ಸಿದ್ಧಕಟ್ಟೆಯ ದಾರಿಯಲ್ಲಿ, ಪುಂಜಾಲಕಟ್ಟೆ ಮಡಂತ್ಯಾರುಗಳ ದಾರಿಯಲ್ಲಿ, ವೇಣೂರಿನ ದಾರಿಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಬೇಕರಿಯ ತಿಂಡಿ, ತರಕಾರಿ, ಮೀನು, ಮದುವೆಯ ಊಟದ ಪಾತ್ರೆ, ಶಾಮಿಯಾನದ ಕಂಬ ಎಲ್ಲವೂ ಸಣ್ಣ ವ್ಯಾನುಗಳಲ್ಲಿಯೇ ಹೋಗುತ್ತವೆ. 1984ರಲ್ಲಿ ಮಾರುತಿ ವ್ಯಾನು ಬಂದಂದಿನಿಂದ, ಅದೇ ಓಮ್ನಿಯೆಂಬ ಹೆಸರು ಪಡೆದು 2019ರಲ್ಲಿ ತಯಾರಿಕೆ ನಿಲ್ಲಿಸುವವರೆಗೆ, ಇಲ್ಲಿನ ಎಷ್ಟೋ ಸಂಸಾರಗಳ ಅನ್ನ ಅಂಥ ಗಾಡಿಗಳ ಮೇಲೆ ನಡೆಯಿತು. ಈಗಲೂ ಹೊಸ ಗಾಡಿ ಕೊಳ್ಳಲಾರದವನು ಸಣ್ಣ ವ್ಯಾಪಾರಕ್ಕೆ ಕೈ ಹಾಕುವುದು ಹತ್ತು ವರ್ಷ ದುಡಿದ ವ್ಯಾನಿನಿಂದಲೇ. ಅಂಥವನ ಬಂಡವಾಳ ಸಾಮಾನ್ಯವಾಗಿ ಹೆಂಡತಿಯ ಬಂಗಾರ. ಅದು ಸೊಸೈಟಿಯಲ್ಲಿ ಅಡವು ಕೂತಿರುತ್ತದೆ.

ನಮ್ಮ ಊರಿನ ಹವೆ ಕಬ್ಬಿಣಕ್ಕೆ ಒಗ್ಗುವಂಥದಲ್ಲ. ನಾಲ್ಕು ತಿಂಗಳ ಮಳೆ, ಉಳಿದ ತಿಂಗಳುಗಳ ಬೆವರು. ಅದರ ಮೇಲೆ ಮೀನಿನ ಪೆಟ್ಟಿಗೆಯಿಂದ ಸುರಿಯುವ ಉಪ್ಪುನೀರು. ಯಾವ ಕಂಪೆನಿಯ ಗಾಡಿಯಾದರೂ ಮೊದಲು ತಳ ತುಕ್ಕು ಹಿಡಿಯುತ್ತದೆ, ಆಮೇಲೆ ಜಾರುವ ಬಾಗಿಲಿನ ಕಂಬಿ, ಆಮೇಲೆ ಸೈಲೆನ್ಸರು. ಹೊರೆ ಹೊತ್ತು ಏರು ಹತ್ತಿ ಹತ್ತಿ ಕ್ಲಚ್ ಪ್ಲೇಟು ಸವೆಯುತ್ತದೆ. ಗುಂಡಿಗಳಲ್ಲಿ ಬಿದ್ದೆದ್ದು ಹಿಂದಿನ ಸ್ಪ್ರಿಂಗಿನ ಪಟ್ಟಿ ಮುರಿಯುತ್ತದೆ. ಇವೆಲ್ಲ ದೇಹದ ಮುಪ್ಪು. ಇನ್ನು ಒಳಗಿನ ಕಾಯಿಲೆಗಳು ಬೇರೆ. ಪಿಸ್ಟನ್ನಿನ ರಿಂಗು ಸವೆದರೆ ಇಂಜಿನು ಎಣ್ಣೆಯನ್ನು ಕುಡಿದು ನೀಲಿ ಹೊಗೆ ಬಿಡುತ್ತದೆ. ಇಂಜಿನಿನ ತಲೆಗೂ ಮೈಗೂ ನಡುವೆ ಕೂರಿಸಿದ ಗ್ಯಾಸ್ಕೆಟು ಎಂಬ ತೆಳು ಹಾಳೆ ಒಂದು ಕಡೆ ಬಿಟ್ಟುಕೊಂಡರೆ, ತಂಪಾಗಿಸುವ ನೀರು ಉರಿಯುವ ಜಾಗಕ್ಕೆ ಸೇರಿ ಬಿಳಿ ಹೊಗೆಯಾಗಿ ಹೋಗುತ್ತದೆ. ನೀರು ಇಳಿದಂತೆ ಇಂಜಿನು ಕಾಯುತ್ತದೆ. ಕಾದದ್ದನ್ನು ಗಮನಿಸದೆ ಓಡಿಸಿದರೆ ಒಂದು ದಿನ ನಿಂತೇಹೋಗುತ್ತದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಕಡೆ ಬಂದಂಥ ನೆರೆಯಲ್ಲಿ ಗಾಡಿ ಮುಳುಗಿದ್ದರಂತೂ ಕೆಸರು ವಯರಿನ ಜೋಡಣೆಗಳಿಗೆ, ಬೇರಿಂಗುಗಳಿಗೆ ಹೊಕ್ಕು, ತೊಳೆದು ಒಣಗಿಸಿದ ಎಷ್ಟೋ ತಿಂಗಳ ಮೇಲೆ ತನ್ನ ಗುಣ ತೋರಿಸುತ್ತದೆ.

ಈ ಕಾಯಿಲೆಗಳನ್ನು ಮರೆಮಾಡುವ ವಿದ್ಯೆಯೂ ಬೆಳೆದಿದೆ. ಹೊಗೆ ಕಾಣದಂತೆ ದಪ್ಪನೆಯ ಎಣ್ಣೆ ಹುಯ್ಯುವುದು. ಸೋರುವ ರೇಡಿಯೇಟರಿಗೆ ಅಡಿಗೆಮನೆಯ ಅರಿಸಿನ ಪುಡಿಯನ್ನೇ ಸುರಿದು ತೂತು ಮುಚ್ಚುವುದು. ತುಕ್ಕಿನ ಮೇಲೆ ಕರಿಯ ಪೇಂಟು ಬಳಿದು, ತೂತಾದ ತಳದ ಮೇಲೆ ಹೊಸ ಮ್ಯಾಟು ಹಾಸುವುದು. ಬೆಳಗ್ಗೆ ಚಾಲೂ ಆಗಲು ಹಠ ಮಾಡುವ ಇಂಜಿನನ್ನು ಗಿರಾಕಿ ಬರುವ ಅರ್ಧ ಗಂಟೆ ಮೊದಲೇ ಓಡಿಸಿ ಬೆಚ್ಚಗಿಡುವುದು. ಇವೆಲ್ಲ ಮೋಸವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ, ಮಾಡುವವನಿಗೂ ಇಲ್ಲ. ನನ್ನ ಪ್ರಶ್ನೆ ಇವರನ್ನು ಕುರಿತದ್ದಲ್ಲ. ಏನನ್ನೂ ಬಳಿಯದೆ, ಏನನ್ನೂ ಹುಯ್ಯದೆ, ಸುಮ್ಮನೆ ಬಾಯಿ ಮುಚ್ಚಿಕೊಂಡು ನಿಲ್ಲುವ ಸಭ್ಯ ಗೃಹಸ್ಥನನ್ನು ಕುರಿತದ್ದು.

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬೇಕರಿ ತಿಂಡಿಗಳನ್ನು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅಂಗಡಿ ಅಂಗಡಿಗೆ ಹಂಚುವ ಲೈನ್ ಸೇಲ್ ಅವನ ಉದ್ಯೋಗ. ಹಳದಿ ಬೋರ್ಡಿನ ತನ್ನ ವ್ಯಾನನ್ನು ಮಾರಿ ತುಸು ಹೊಸದನ್ನು ಕೊಳ್ಳಬೇಕೆಂದಿದ್ದ. ಖರ್ಚನ್ನೆಲ್ಲ ಪುಸ್ತಕದಲ್ಲಿ ಬರೆದಿಡುವ ಒಳ್ಳೆಯ ಅಭ್ಯಾಸ ಅವನಿಗುಂಟು. ಒಂದು ವರ್ಷದಲ್ಲಿ ಕ್ಲಚ್ಚಿಗೆ 4,200 ರೂಪಾಯಿ, ರೇಡಿಯೇಟರಿಗೆ 3,800, ಬ್ಯಾಟರಿಗೆ 3,900, ಹಿಂದಿನ ಎರಡು ಟಯರಿಗೆ 6,000, ಸೈಲೆನ್ಸರಿಗೆ 2,600, ತಳದ ವೆಲ್ಡಿಂಗು ಟಿಂಕರಿಂಗುಗಳಿಗೆ 14,500. ಒಟ್ಟು 35,000 ರೂಪಾಯಿ. ಇಷ್ಟಾದ ಮೇಲೂ ಒಂದು ಕೆಲಸ ಉಳಿದಿತ್ತು. ಪೂರಾ ಹೊರೆ ಹಾಕಿ ಉದ್ದದ ಏರು ಹತ್ತಿದರೆ ಇಂಜಿನು ಕಾಯುತ್ತಿತ್ತು. ಮೆಕ್ಯಾನಿಕ್ ನೋಡಿ, “ಹೆಡ್ ಇಳಿಸ್ಬೇಕು ಮಾರಾಯ್ರೇ. ಇಳಿಸಿದ ಮೇಲೆ ರಿಂಗ್ ಹಾಕದೆ ಮುಚ್ಚಿದ್ರೆ ಪ್ರಯೋಜನ ಇಲ್ಲ” ಎಂದು 28,000 ರೂಪಾಯಿಯ ಅಂದಾಜು ಕೊಟ್ಟಿದ್ದ. ಹಗುರವಾದ ತಿಂಡಿ ಸಾಗಿಸುವ ಇವನು ಅದನ್ನು ಹೇಗೋ ಸಂಭಾಳಿಸಿಕೊಂಡು ಬಂದಿದ್ದ.

ಕೊಳ್ಳಲು ಬಂದವನು ಮೂಡುಬಿದಿರೆಯ ಕಡೆಯವನು. ಸಮಾರಂಭಗಳಿಗೆ ಅಡಿಗೆ ಮಾಡಿ ಸಾಗಿಸುವ ಕೆಲಸವನ್ನು ಹೊಸದಾಗಿ ಆರಂಭಿಸುವವನು. 1,40,000 ರೂಪಾಯಿಗೆ ಮಾತಾಗಿತ್ತು. ಬಿ.ಸಿ. ರೋಡಿನಲ್ಲಿ ಖಾಲಿ ಗಾಡಿಯನ್ನು ಹತ್ತು ನಿಮಿಷ ಓಡಿಸಿ ನೋಡಿ ಅವನು ತೃಪ್ತನಾಗಿದ್ದ. ಖಾಲಿ ಗಾಡಿ ಹತ್ತು ನಿಮಿಷದಲ್ಲಿ ಕಾಯುವುದಿಲ್ಲ. ಆ ಸಂಜೆ ನನ್ನ ವಿದ್ಯಾರ್ಥಿ ಮನೆಗೆ ಬಂದು ಕೇಳಿದ: “ಸರ್, ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಇದು ಸುಳ್ಳು ಹೇಳಿದ ಹಾಗೆ ಆಗ್ತದಾ?”

ಸುಳ್ಳಲ್ಲವೆಂದು ಹೇಳುವುದು ಸುಲಭ. ನಮ್ಮ ಕಾನೂನೂ ಬಹುಮಟ್ಟಿಗೆ ಹಾಗೆಯೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ವಿಧಿಯಲ್ಲಿ ವಂಚನೆಯೆಂದರೇನೆಂಬುದನ್ನು ವಿವರಿಸುತ್ತ ಒಂದು ಕುದುರೆಯ ಉದಾಹರಣೆಯನ್ನು ಕೊಟ್ಟಿದ್ದಾರೆ. ಕುದುರೆಗೆ ರೋಗವಿದೆಯೆಂದು ಮಾರುವವನಿಗೆ ಗೊತ್ತು. ಹರಾಜಿನಲ್ಲಿ ಅವನು ಅದನ್ನು ಹೇಳದೆ ಮಾರುತ್ತಾನೆ. ಬರಿಯ ಈ ಮೌನ ವಂಚನೆಯಲ್ಲ. ಆದರೆ ಕಾಯಿದೆ ಅಲ್ಲಿಗೇ ನಿಲ್ಲುವುದಿಲ್ಲ. ಕೊಳ್ಳುವವಳು ಆಗತಾನೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳೇ ಆದರೆ, ಆ ಸಂಬಂಧದ ಕಾರಣದಿಂದ ಅವನು ಹೇಳಲೇಬೇಕು. ‘ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದು ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಾಗುತ್ತದೆ. ನೂರೈವತ್ತು ವರ್ಷ ಹಳೆಯದಾದ ಈ ಮೂರು ಕುದುರೆಗಳನ್ನು ನೆನೆದಾಗಲೆಲ್ಲ ನನಗೆ ಒಂದು ಸಂಗತಿ ಹೊಳೆಯುತ್ತದೆ. ಕುದುರೆ ಒಂದೇ, ರೋಗ ಒಂದೇ, ಮೌನವೂ ಒಂದೇ. ಬದಲಾಗುವುದು ಎದುರಿಗೆ ನಿಂತವನು ನಮ್ಮನ್ನು ಎಷ್ಟರಮಟ್ಟಿಗೆ ನಂಬಿದ್ದಾನೆಂಬುದು ಮಾತ್ರ.

ಕಾನೂನು ಕನಿಷ್ಠವನ್ನು ಹೇಳುತ್ತದೆ; ಅದಕ್ಕಿಂತ ಮುಂದೆ ಹೋಗಬೇಕಾದವರು ವಿಚಾರವಂತರು. ರೋಮಿನ ಸಿಸಿರೋ ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗಾಗಿ ಬರೆದ ಕರ್ತವ್ಯಗಳ ಗ್ರಂಥದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಒಬ್ಬ ವರ್ತಕ ಅಲೆಗ್ಸಾಂಡ್ರಿಯದಿಂದ ಧಾನ್ಯದ ಹಡಗು ತಂದಿದ್ದಾನೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಹೇಳಿದರೆ ಬೆಲೆ ಬೀಳುತ್ತದೆ. ಹೇಳಬೇಕೆ? ಮರೆಮಾಡುವುದು ಬೇರೆ, ಹೇಳದಿರುವುದು ಬೇರೆ ಎಂದು ಬ್ಯಾಬಿಲೋನಿನ ಡಯೋಜಿನೀಸನ ವಾದ. ಹೇಳಲೇಬೇಕೆಂದು ಅವನ ಶಿಷ್ಯ ಆಂಟಿಪೇಟರನ ವಾದ. ಸಿಸಿರೋ ಶಿಷ್ಯನ ಕಡೆಗೆ ನಿಲ್ಲುತ್ತಾನೆ. ನಮ್ಮ ಕೌಟಿಲ್ಯ ಇಂಥ ಚರ್ಚೆಗೆ ಹೋಗದೆ ವ್ಯವಹಾರಕ್ಕೆ ಇಳಿದವನು. ರೋಗದ ಪ್ರಾಣಿಯನ್ನು ಆರೋಗ್ಯದ್ದೆಂದು ಹೇಳಿ ಮಾರಿದವನಿಗೆ ಹನ್ನೆರಡು ಪಣ ದಂಡ ಹಾಕಿ, ಕೊಂಡ ನಾಲ್ಕು ಕಾಲಿನ ಪ್ರಾಣಿಯನ್ನು ಹಿಂದಿರುಗಿಸಲು ಮೂರು ಪಕ್ಷಗಳ ಅವಕಾಶವನ್ನು ಅರ್ಥಶಾಸ್ತ್ರದಲ್ಲಿ ಕೊಟ್ಟಿದ್ದಾನೆ. ಅಷ್ಟು ಕಾಲದಲ್ಲಿ ಅದರ ಗುಣದೋಷ ತಿಳಿದುಬರುತ್ತದೆಯೆಂಬುದು ಅವನ ಎಣಿಕೆ. ಒಂದೂವರೆ ತಿಂಗಳು! ನಾಲ್ಕು ಚಕ್ರದ ಗಾಡಿಗೆ ಬಿ.ಸಿ. ರೋಡಿನಲ್ಲಿ ಸಿಕ್ಕುವುದು ಹತ್ತು ನಿಮಿಷ.

ಕೊಳ್ಳುವವನು ತನ್ನ ಮೆಕ್ಯಾನಿಕನನ್ನು ಕರೆತರಬಹುದಲ್ಲ ಎನ್ನುವವರುಂಟು. ತರಬಹುದು, ತರಬೇಕು. ಆದರೆ ಮೆಕ್ಯಾನಿಕನ ಕಣ್ಣಿಗೆ ಬೀಳುವುದು ಆ ಗಳಿಗೆಯ ಗಾಡಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿವರ್ಷವೂ ಎಫ್.ಸಿ. ಆಗಬೇಕೆಂಬ ನಿಯಮವಿದೆ; ಆ ಕಾಗದವೂ ಹೇಳುವುದು ಪರೀಕ್ಷೆಯ ದಿನದ ಸ್ಥಿತಿಯನ್ನೇ. ಮೂರು ವರ್ಷದ ಚರಿತ್ರೆ ಮಾರುವವನ ನೆನಪಿನಲ್ಲಿ ಮಾತ್ರ ಇರುತ್ತದೆ. ಹಳೆಯ ಗಾಡಿಯೆಂದ ಮೇಲೆ ಬೆಲೆಯಲ್ಲಿಯೇ ದೋಷ ಸೇರಿದೆ ಎನ್ನುವುದು ಇನ್ನೊಂದು ವಾದ. ಇದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದ. 2001ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ. ಅವನ ತರ್ಕ ಸರಳವಾದುದು. ಒಳ್ಳೆಯ ಗಾಡಿ ಯಾವುದು, ಕೆಟ್ಟ ಗಾಡಿ ಯಾವುದು ಎಂದು ಕೊಳ್ಳುವವನಿಗೆ ತಿಳಿಯದಾದಾಗ ಅವನು ಎಲ್ಲಕ್ಕೂ ಅಳುಕಿನ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟದ್ದೇ. ಅಂದರೆ, ಒಬ್ಬನ ಮೌನದ ದಂಡವನ್ನು ಕೊಂಡವನಲ್ಲದೆ ಪ್ರಾಮಾಣಿಕನಾದ ಪಕ್ಕದ ಮನೆಯವನೂ ತೆರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೂ ನನ್ನ ವಿದ್ಯಾರ್ಥಿಯ ಪ್ರಶ್ನೆ ಉಳಿಯಿತು: ಇದು ಸುಳ್ಳೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆ ಜೈನಕಾಶಿಯೆಂದು ಹೆಸರಾದ ಊರು. 1430ರ ಸಾವಿರ ಕಂಬದ ಬಸದಿ ಅಲ್ಲಿದೆ; ಧವಲವೇ ಮೊದಲಾದ ಆಗಮಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಅದು. ವರ್ತಕರು ಬಹಳವಾಗಿದ್ದ ಆ ಧರ್ಮದಲ್ಲಿ ವ್ಯಾಪಾರದ ಪಾಪಗಳನ್ನು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ‘ಪ್ರತಿರೂಪಕ ವ್ಯವಹಾರ’. ಹುಸಿಯಾದದ್ದನ್ನು, ಕಲಬೆರಕೆಯಾದದ್ದನ್ನು ಸಾಚಾ ವಸ್ತುವಿನಂತೆ ನಡೆಯಿಸುವುದು. ಇದು ಸತ್ಯವ್ರತದ ಅತಿಚಾರಗಳಲ್ಲಿ ಬಂದಿಲ್ಲ. ಬಂದಿರುವುದು ಅಸ್ತೇಯದಲ್ಲಿ, ಕದಿಯಬಾರದೆಂಬ ವ್ರತದಲ್ಲಿ, ಅದೂ ಕಳ್ಳತೂಕ, ಕಳ್ಳ ಅಳತೆಗಳ ಪಕ್ಕದಲ್ಲಿ. ಆ ಸೂತ್ರಕಾರನ ಮನಸ್ಸಿನಲ್ಲಿ ಮಾತನಾಡದ ಮಾರಾಟಗಾರ ಇದ್ದನೆಂದು ನಾನು ಹೇಳುವುದಿಲ್ಲ. ಆದರೆ ಆ ವಿಂಗಡಣೆ ಬೆಳಕು ಕೊಡುವಂಥದು. ನಾವು ಇಂಥದನ್ನು ನಾಲಿಗೆಯ ಪಾಪವೆಂದು ತಿಳಿದು, ನಾಲಿಗೆ ಅಲ್ಲಾಡದಿದ್ದ ಮೇಲೆ ಪಾಪವೆಲ್ಲಿ ಎನ್ನುತ್ತೇವೆ. ಪಾಪವಿರುವುದು ನಾಲಿಗೆಯಲ್ಲಲ್ಲ, ಜೇಬಿನಲ್ಲಿ. ನಮ್ಮ ಕಡೆ ದೇವರ ಹೆಸರು ಹೇಳಿ ಆಣೆಯಿಡು ಎಂದರೆ ನಡುಗುವ ಮನುಷ್ಯ, ಆಣೆಯ ಮಾತೇ ಬಾರದಂತೆ ಸುಮ್ಮನಿದ್ದು ನೆಮ್ಮದಿಯಿಂದ ನಿದ್ರೆ ಹೋಗುವುದು ಈ ಕಾರಣದಿಂದಲೇ.

ಈ ದೃಷ್ಟಿಯಿಂದ ನೋಡಿದರೆ ಗಾಡಿಯ ದೋಷವೆಂಬುದು ಒಂದು ಸಾಲ. ಆ ಇಂಜಿನು ಕಾಯತೊಡಗಿದ ದಿನವೇ 28,000 ರೂಪಾಯಿಯ ಖರ್ಚು ಹುಟ್ಟಿತು. ಕೊಟ್ಟಿಲ್ಲ, ಅಷ್ಟೇ. ಹೇಳದೆ ಮಾರುವವನು ಗಾಡಿಯ ಜೊತೆಗೆ ಆ ಸಾಲವನ್ನೂ ದಾಟಿಸುತ್ತಾನೆ. ಕೊಂಡವನು ಒಪ್ಪಿ ಹೊತ್ತ ಸಾಲವಲ್ಲ ಅದು; ಹೊತ್ತಿದ್ದೇನೆಂಬುದೇ ಅವನಿಗೆ ತಿಳಿಯದು. ತಿಳಿಯುವುದು ನಾಲ್ಕು ನೂರು ಜನರ ಊಟ ತುಂಬಿಕೊಂಡು ಏರು ಹತ್ತುವಾಗ, ಮದುವೆಯ ಮುಹೂರ್ತ ಮುಗಿದು ಪಂಕ್ತಿ ಕೂಡುವ ಹೊತ್ತಿಗೆ. ಆಗ ಹೋಗುವುದು 28,000 ಮಾತ್ರವಲ್ಲ.

ಹಾಗೆಂದು ಮಾರುವವನು ತನ್ನ ಗಾಡಿಯ ನಿಂದಾಸ್ತುತಿಯನ್ನೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಹಳೆಯದು ಹಳೆಯದೆಂದು ಹೇಳುವ ಋಣ ಯಾರಿಗೂ ಇಲ್ಲ. ಟಯರು ಸವೆದಿರುವುದು, ಬಣ್ಣ ಮಾಸಿರುವುದು, ಬಾಗಿಲು ಬಿಗಿಯಾಗಿರುವುದು ಕಣ್ಣಿಗೆ ಕಾಣುತ್ತವೆ. ಅಲ್ಲಿ ಮೌನ ದೋಷವಲ್ಲ. ತನಗೇ ತಿಳಿಯದ ದೋಷಕ್ಕೆ ಯಾರೂ ಹೊಣೆಯಲ್ಲ. ತನಗೆ ತಿಳಿದಿರುವುದು, ಕೊಳ್ಳುವವನು ತನಗೆ ದೊರೆತ ಅವಕಾಶದಲ್ಲಿ ತಿಳಿಯಲಾರದ್ದು, ತಿಳಿದರೆ ಬೆಲೆಯನ್ನೋ ಮನಸ್ಸನ್ನೋ ಬದಲಾಯಿಸುವಂಥದು: ಈ ಮೂರೂ ಕೂಡಿದಲ್ಲಿ ಹೇಳಬೇಕು. ಬ್ರೇಕು, ಸ್ಟಿಯರಿಂಗುಗಳ ವಿಷಯದಲ್ಲಂತೂ ಕೂಡುವವರೆಗೆ ಕಾಯಬಾರದು. ಅಲ್ಲಿ ಪಣಕ್ಕಿರುವುದು ಹಣವಲ್ಲ.

ಇಷ್ಟನ್ನು ನಾನು ಹೇಳಿದಾಗ ನನ್ನ ವಿದ್ಯಾರ್ಥಿ ಕೇಳಿದ ಇನ್ನೊಂದು ಪ್ರಶ್ನೆಯೇ ಈ ವಿಷಯದಲ್ಲಿ ಅತ್ಯಂತ ಕಠಿನವಾದದ್ದು. “ನನಗೆ ಮಾರಿದವರೂ ಹೇಳ್ಲಿಲ್ಲ ಸರ್. ಕೊಂಡ ಎರಡನೇ ತಿಂಗಳಲ್ಲಿ ನನಗೆ ಗೊತ್ತಾದ್ದು. ಎಲ್ಲರೂ ದಾಟಿಸಿದ್ದನ್ನು ನಾನೊಬ್ಬನೇ ಎಂತಕ್ಕೆ ಹೊರಬೇಕು?” ಇದಕ್ಕೆ ಉತ್ತರ ಕೊಡುವಾಗ ಉಪದೇಶದ ದನಿ ಬಾರದಂತೆ ನೋಡಿಕೊಳ್ಳಬೇಕು, ಏಕೆಂದರೆ ಅವನಿಗೆ ಅನ್ಯಾಯವಾಗಿರುವುದು ನಿಜ. ಆದರೆ ಖೋಟಾ ನೋಟು ಕೈಗೆ ಬಂದವನ ಸ್ಥಿತಿಯೂ ಇದೇ. ತಿಳಿಯದೆ ಪಡೆದದ್ದು ಅವನ ತಪ್ಪಲ್ಲ. ತಿಳಿದ ಮೇಲೆ ಚಲಾಯಿಸಿದರೆ ಅಪರಾಧ. ಅನ್ಯಾಯ ಮಾಡಿದವನ ಮೇಲೆ ನಮಗೆ ಹಕ್ಕಿದೆ. ಮುಂದೆ ಬರುವವನ ಮೇಲೆ ಯಾವ ಹಕ್ಕೂ ಇಲ್ಲ. ಮೂಡುಬಿದಿರೆಯ ಆ ಅಡಿಗೆಯವನು ಇವನಿಗೇನೂ ಮಾಡಿದವನಲ್ಲ.

ಅವನು ಹೇಳಿದ. ಖರ್ಚಿನ ಪುಸ್ತಕವನ್ನೇ ತೆರೆದು ತೋರಿಸಿದ. ಅಡಿಗೆಯವನು ಎರಡು ದಿನ ಯೋಚಿಸಿ, ತನ್ನಿಂದಾಗದೆಂದು ಹಿಂದೆ ಸರಿದ. ತಿಂಗಳಾದ ಮೇಲೆ ಗ್ಯಾರೇಜಿನವನೊಬ್ಬ ಎಲ್ಲವನ್ನೂ ಕೇಳಿ ತಿಳಿದು 1,10,000ಕ್ಕೆ ಕೊಂಡ. ಇಂಜಿನನ್ನು ತಾನೇ ಬಿಚ್ಚಿ ಸರಿಮಾಡಬಲ್ಲವನು ಅವನು. ಸತ್ಯ ಹೇಳಿದವನಿಗೆ ಕೊನೆಯಲ್ಲಿ ಲಾಭವಾಯಿತೆಂದು ಬರೆಯುವ ಆಸೆ ಇಂಥ ಲೇಖನಗಳಿಗೆ ಸಹಜ. ಆದರೆ ಲಾಭವಾಗಲಿಲ್ಲ. 30,000 ರೂಪಾಯಿ ಕಡಿಮೆ ಬಂತು. ಹೊಸ ಗಾಡಿಯ ಸಾಲದ ಕಂತು ಅಷ್ಟು ಹೆಚ್ಚಿತು. ಅವನ ಮನೆಯಲ್ಲಿ ಈ ಬಗ್ಗೆ ಮಾತೂ ಬಂದಿರಬೇಕು.

“ಸತ್ಯಕ್ಕೆ ಮೂವತ್ತು ಸಾವಿರ ಆಯ್ತು ಸರ್” ಎಂದು ಅವನು ನಗುತ್ತಲೇ ಹೇಳಿದ. ಆ ಲೆಕ್ಕವನ್ನು ನಾನು ಒಪ್ಪಲಾರೆ. ಆ ಹಣ ಸತ್ಯದ ಬೆಲೆಯಲ್ಲ, ಇಂಜಿನಿನ ಬೆಲೆ. ಯಾರಾದರೊಬ್ಬರು ಕೊಡಲೇಬೇಕಾಗಿತ್ತು. ಸತ್ಯ ಮಾಡಿದ ಕೆಲಸವಿಷ್ಟೆ: ಅದನ್ನು ಕೊಡಲಾರದವನ ಕೈಗೆ ಗಾಡಿ ಹೋಗುವುದನ್ನು ತಪ್ಪಿಸಿ, ಸರಿಮಾಡಬಲ್ಲವನ ಕೈಗೆ ಕಳುಹಿಸಿತು. ಹಳೆಯ ಯಂತ್ರಗಳು ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ. ಅವುಗಳ ಸವೆತವನ್ನು ಯಾರೂ ನಿಲ್ಲಿಸಲಾರರು. ಜೊತೆಗೆ ದಾಟುವ ಕಳ್ಳಸಾಲ ಮಾತ್ರ ಎಲ್ಲೋ ಒಂದು ಕಡೆ, ಯಾರೋ ಒಬ್ಬನ ಮನೆಯಂಗಳದಲ್ಲಿ ನಿಲ್ಲಬೇಕು. ನಿಲ್ಲಿಸಿದವನಿಗೆ ನಷ್ಟವುಂಟು. ಆ ನಷ್ಟವನ್ನು ಕಂಡೂ ನಿಲ್ಲಿಸುವವರು ಊರಿನಲ್ಲಿ ನಾಲ್ಕು ಜನ ಇರುವುದರಿಂದಲೇ, ಬಂಗಾರ ಅಡವಿಟ್ಟು ಬರುವ ಬಡವ ಇನ್ನೂ ಒಬ್ಬರ ಮಾತನ್ನು ನಂಬಿ ಹಳೆಯ ಗಾಡಿಗೆ ಕೈ ಹಾಕುವ ಧೈರ್ಯ ಮಾಡುತ್ತಾನೆ.